ಸವೆದ ವಸ್ತುವಿನ ಚೆಲುವು: ಯಾಣ–ಕುಮಟಾ ಪರಿಸರ ಮತ್ತು ಕರ್ನಾಟಕದ ಸ್ಥಿರಚಿತ್ರ ಪರಂಪರೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟ ಕಾಡಿನ ನಡುವೆ ಇರುವ ಯಾಣ ತನ್ನ ಕಪ್ಪು ಶಿಲಾಶಿಖರಗಳಿಂದ ಪ್ರಸಿದ್ಧವಾಗಿದೆ. ಸುಮಾರು ೧೨೦ ಮೀಟರ್ ಎತ್ತರದ ಭೈರವೇಶ್ವರ ಶಿಖರ ಹಾಗೂ ೯೦ ಮೀಟರ್ ಎತ್ತರದ ಮೋಹಿನಿ ಶಿಖರ ಇಲ್ಲಿ ಮುಖ್ಯವಾದವು. ಭಸ್ಮಾಸುರನ ಕಥೆಯನ್ನು ಜನರು ಈ ಶಿಖರಗಳೊಂದಿಗೆ ಜೋಡಿಸಿದ್ದಾರೆ. ಭೂವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇವು ಸ್ಫಟಿಕೀಯ ಸುಣ್ಣಶಿಲೆಯ ರಚನೆಗಳು. ಮಳೆಯ ನೀರು ಸುಣ್ಣದಂಶವನ್ನು ನಿಧಾನವಾಗಿ ಕರಗಿಸುತ್ತ ಹೋದುದರಿಂದ ಬಂಡೆಯ ಮೈಯಲ್ಲಿ ಸೀಳುಗಳು, ಪೊಟರೆಗಳು, ಚೂಪಾದ ಅಂಚುಗಳು ಮೂಡಿವೆ. ಎಂದರೆ ಯಾಣದ ಬಂಡೆಗೆ ರೂಪವನ್ನು ಕೊಟ್ಟಿರುವುದು ಸವೆತವೇ. "ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ" ಎಂಬ ಈ ಭಾಗದ ಗಾದೆ ದಾರಿಯ ಕಷ್ಟವನ್ನು ಹೇಳುತ್ತದೆ. ಆ ಕಷ್ಟವನ್ನು ಸಹಿಸಿ ಹೋದವರು ಅಲ್ಲಿ ಕಂಡು ಬೆರಗಾದುದು ಕಾಲವು ತಿಂದು ಉಳಿಸಿದ ಕಲ್ಲನ್ನು.

ಬಂಡೆಯ ಸವೆತವನ್ನು ಚೆಲುವೆಂದು ಒಪ್ಪುವ ಕಣ್ಣು ಅದೇ ದಾರಿಯಲ್ಲಿರುವ ಮನೆಯ ಹಿತ್ತಿಲಲ್ಲಿ ಮಗುಚಿ ಬಿದ್ದ ಒರಳುಕಲ್ಲನ್ನೋ, ಅಟ್ಟ ಸೇರಿದ ತಾಮ್ರದ ಹಂಡೆಯನ್ನೋ ಹಾಗೆ ನೋಡುವುದಿಲ್ಲ. ಪ್ರಕೃತಿಯ ಸವೆತಕ್ಕೆ ದೊರೆಯುವ ಗೌರವ ಮನುಷ್ಯನ ಕೈಯ ಸವೆತಕ್ಕೆ ದೊರೆಯದಿರುವುದೇಕೆ? ಸ್ಥಿರಚಿತ್ರವೆಂಬ ಚಿತ್ರಪ್ರಕಾರವು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಿದೆ? ಕರ್ನಾಟಕದಲ್ಲಿ, ವಿಶೇಷವಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕರಾವಳಿಯಲ್ಲಿ, ಈ ಪ್ರಕಾರವು ಹೇಗೆ ಬಂದಿತು, ಏನನ್ನು ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ವಸ್ತು, ಗೋಡೆ ಮತ್ತು ಬುಟ್ಟಿ

ಸ್ಥಿರಚಿತ್ರವೆಂದರೆ ಚಲನೆಯಿಲ್ಲದ ವಸ್ತುಗಳನ್ನು ಒಂದು ಜೋಡಣೆಯಲ್ಲಿರಿಸಿ, ಅವುಗಳನ್ನೇ ಮುಖ್ಯ ವಿಷಯವಾಗಿ ಚಿತ್ರಿಸುವುದು. ಈ ಅರ್ಥದ ಸ್ಥಿರಚಿತ್ರ ಭಾರತೀಯ ಪರಂಪರೆಯಲ್ಲಿ ಪ್ರತ್ಯೇಕ ಪ್ರಕಾರವಾಗಿ ಬೆಳೆಯಲಿಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ವಿದ್ಧ, ಅವಿದ್ಧ, ಭಾವ, ರಸ, ಧೂಲಿ ಎಂಬ ಚಿತ್ರಭೇದಗಳನ್ನು ಹೇಳುತ್ತದೆ. ಕನ್ನಡಿಯಲ್ಲಿ ಕಂಡಂತೆ ವಸ್ತುವಿನ ಸಾದೃಶ್ಯವನ್ನು ತರುವುದು ವಿದ್ಧಚಿತ್ರ. ಕಂಡದ್ದನ್ನು ಕಂಡಂತೆ ಬರೆಯುವ ಕೌಶಲವು ಕನ್ನಡ ನಾಡಿನ ಕಲಾಚಿಂತನೆಗೆ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ಕೌಶಲವು ದೇವ, ಮಾನವ, ಪ್ರಾಣಿರೂಪಗಳ ಸೇವೆಯಲ್ಲಿತ್ತು. ಕೊಡ, ದೀಪ, ಪೀಠ, ಆಯುಧಗಳು ಚಿತ್ರದಲ್ಲಿ ಬಂದರೆ ಅವು ಒಬ್ಬ ದೇವತೆಯ ಅಥವಾ ಅರಸನ ಲಾಂಛನಗಳಾಗಿ ಬಂದವು. ಅವು ಎಂದೂ ಹೊಸವು, ಅವುಗಳಿಗೆ ವಯಸ್ಸಿಲ್ಲ.

ಉತ್ತರ ಕನ್ನಡದ ಕರಾವಳಿಯ ಕಾವಿಕಲೆಯಲ್ಲಿಯೂ ಇದೇ ಸ್ಥಿತಿ. ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರವನ್ನು ಹಾಕಿ, ಅದು ಹಸಿಯಾಗಿರುವಾಗಲೇ ಕಂಠದಿಂದ ಕೆರೆದು ಒಳಗಿನ ಬಿಳಿಯನ್ನು ತೋರಿಸುವ ಈ ವಿಧಾನವು ಗೋವೆಯಿಂದ ಭಟ್ಕಳ, ಹೊನ್ನಾವರ, ಕುಮಟಾಗಳವರೆಗಿನ ದೇವಾಲಯಗಳಲ್ಲಿ ಬಳಕೆಯಲ್ಲಿತ್ತು. ದೇವತೆಗಳು, ಬಳ್ಳಿಗಳು, ಜ್ಯಾಮಿತೀಯ ಪಟ್ಟಿಕೆಗಳು ಅದರ ವಿಷಯ. ಹೂದಾನಿ, ಕಲಶಗಳು ಅಲಂಕಾರವಾಗಿಯಷ್ಟೇ ಬರುತ್ತವೆ. ಈ ಕಲೆಯನ್ನು ದಾಖಲಿಸಿ ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತ್ (೧೯೩೪–೨೦೦೨) ಪ್ರಮುಖರು. ವಿಜ್ಞಾನಿ, ಲೇಖಕ, ಛಾಯಾಗ್ರಾಹಕರಾದ ಅವರು ದೇವಾಲಯದ ಗೋಡೆಯಷ್ಟೇ ಆಸಕ್ತಿಯಿಂದ ಜನಸಾಮಾನ್ಯರ ದಿನಬಳಕೆಯ ಬದುಕನ್ನೂ ನೋಡಿದವರೆಂಬುದು ಗಮನಾರ್ಹ.

ಘಟ್ಟದ ಮೇಲಿನ ಸಿರಸಿ, ಸಿದ್ಧಾಪುರ, ಸಾಗರ ಪ್ರದೇಶದ ದೀವರ ಹೆಣ್ಣುಮಕ್ಕಳ ಹಸೆಚಿತ್ತಾರ ಇನ್ನೊಂದು ಬಗೆಯ ಸಂಬಂಧವನ್ನು ತೋರಿಸುತ್ತದೆ. ಭೂಮಿಹುಣ್ಣಿಮೆಯ ಸಂದರ್ಭದಲ್ಲಿ ಬಿದಿರಿನ ಬುಟ್ಟಿಗೆ ಸೆಗಣಿ, ಕೆಮ್ಮಣ್ಣುಗಳನ್ನು ಬಳಿದು, ಅಕ್ಕಿಹಿಟ್ಟಿನ ಬಿಳಿಯಿಂದ ಎಳೆಗಳನ್ನು ಬರೆದು, ಅದರಲ್ಲಿ ಚರಗವನ್ನು ಗದ್ದೆಗೆ ಒಯ್ಯುತ್ತಾರೆ. ಇಲ್ಲಿ ವಸ್ತುವನ್ನು ಚಿತ್ರದಲ್ಲಿ ತರುವುದಿಲ್ಲ. ವಸ್ತುವಿನ ಮೇಲೆಯೇ ಚಿತ್ರವನ್ನು ತರುತ್ತಾರೆ. ದೀಪಾವಳಿಯ ನರಕಚತುರ್ದಶಿಯಂದು ಕರಾವಳಿ ಹಾಗೂ ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಶೇಡಿ–ಕೆಮ್ಮಣ್ಣುಗಳಿಂದ ಅಲಂಕರಿಸಿ ಪೂಜಿಸುವುದೂ ಇದೇ ಮನೋಧರ್ಮದ್ದು. ದಿನಬಳಕೆಯ ಪಾತ್ರೆಗೆ ವರ್ಷಕ್ಕೊಂದು ದಿನ ದೇವತ್ವ ಪ್ರಾಪ್ತವಾಗುತ್ತದೆ. ಆದರೆ ಆ ದಿನ ಅದು ಹೊಸದಾಗಿ ಹೊಳೆಯಬೇಕು. ಪರಂಪರೆಯು ವಸ್ತುವನ್ನು ಗೌರವಿಸಿತು; ಅದರ ಮುಪ್ಪನ್ನು ಚಿತ್ರದ ವಿಷಯವಾಗಿ ಕಾಣಲಿಲ್ಲ.

ಮುಂಬಯಿಯಿಂದ ಬಂದ ಪಾಠ

೧೭೯೯ರ ನಂತರ ಬ್ರಿಟಿಷರ ಆಳ್ವಿಕೆಗೆ ಬಂದ ಕನ್ನಡ ಜಿಲ್ಲೆಯು ಮೊದಲಿಗೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅನಂತರ ಅದನ್ನು ಎರಡಾಗಿ ವಿಭಜಿಸಿ, ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಈ ಆಡಳಿತ ನಿರ್ಧಾರವು ಕಲಾಶಿಕ್ಷಣದ ಮೇಲೂ ಪರಿಣಾಮ ಬೀರಿತು. ಬ್ರಿಟಿಷರು ಮದರಾಸಿನಲ್ಲಿ ೧೮೫೦ರಲ್ಲಿ, ಕಲಕತ್ತೆಯಲ್ಲಿ ೧೮೫೪ರಲ್ಲಿ, ಮುಂಬಯಿಯಲ್ಲಿ ೧೮೫೭ರಲ್ಲಿ ಕಲಾಶಾಲೆಗಳು ಆರಂಭವಾಗುವಂತೆ ನೋಡಿಕೊಂಡರು. ಮುಂಬಯಿಯದು ಸರ್ ಜೆ.ಜೆ. ಕಲಾಶಾಲೆ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯನ್ನು ಅನುಸರಿಸಿದ ಈ ಶಾಲೆಗಳಲ್ಲಿ ರೇಖೆ, ಘನಾಕೃತಿ, ಗಚ್ಚಿನ ಪ್ರತಿಮೆ, ಆಮೇಲೆ ವಸ್ತು ಎಂಬ ಕ್ರಮದಲ್ಲಿ ಅಭ್ಯಾಸ ನಡೆಯುತ್ತಿತ್ತು.

ಈ ಪದ್ಧತಿಯು ಮುಂಬಯಿ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗಳ ಮೂಲಕ ಪ್ರಾಂತದ ಪ್ರೌಢಶಾಲೆಗಳನ್ನು ತಲುಪಿತು. ಕಾಲಾಂತರದಲ್ಲಿ ಎಲಿಮೆಂಟರಿ ಹಂತದಲ್ಲಿ ವಸ್ತುಚಿತ್ರಣ, ಇಂಟರ್‌ಮೀಡಿಯೆಟ್ ಹಂತದಲ್ಲಿ ಸ್ಥಿರಚಿತ್ರಣ ಎಂಬ ವಿಂಗಡಣೆ ರೂಢಿಯಾಯಿತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಮೊದಲಾದವರು ನಡೆಸಿದ ಕಲಾಶಾಲೆಗಳು ಈ ಶಿಕ್ಷಣವನ್ನು ಕನ್ನಡದ ನೆಲದಲ್ಲಿ ಬೇರೂರಿಸಿದವು. ಹಳೆಯ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಇದೇ ಕೆಲಸವನ್ನು ಮಾಡಿತು. ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ೧೯೬೦ರಲ್ಲಿ ಚಿತ್ರಕಲಾ ಪರಿಷತ್ತು, ೧೯೬೪ರಲ್ಲಿ ದಾವಣಗೆರೆಯ ಚಿತ್ರಕಲಾ ಶಾಲೆ, ೧೯೬೮ರಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆ ಆರಂಭವಾದವು. ಇವೆಲ್ಲವುಗಳ ಆರಂಭಿಕ ತರಗತಿಯಲ್ಲಿ ಸ್ಥಿರಚಿತ್ರಕ್ಕೆ ಖಚಿತವಾದ ಸ್ಥಾನವಿತ್ತು.

ಆ ಸ್ಥಾನವು ಪ್ರಕಾರಕ್ಕೆ ವರವೂ ಹೌದು, ಶಾಪವೂ ಹೌದು. ಮೇಜಿನ ಮೇಲೆ ಹಾಸಿದ ಬಟ್ಟೆ, ಹೂಜಿ, ಶೀಸೆ, ಒಂದೆರಡು ಹಣ್ಣು ಎಂಬ ಜೋಡಣೆಯು ಸೂತ್ರಪ್ರಾಯವಾಯಿತು. ಕೊಡದ ಬಾಯಿಯನ್ನು ಸರಿಯಾದ ದೀರ್ಘವೃತ್ತವಾಗಿ ಬರೆಯುವುದು, ಬೆಳಕಿನ ದಿಕ್ಕನ್ನು ಗುರುತಿಸುವುದು, ನೆರಳಿನ ಹದವನ್ನು ಸಾಧಿಸುವುದು ಪರೀಕ್ಷೆಯ ಗುರಿ. ಅಂಚು ಜಜ್ಜಿದ ಕೊಡವು ಇಂತಹ ಪರೀಕ್ಷೆಗೆ ಅನನುಕೂಲವಾದ ವಸ್ತು. ಅದರ ವೃತ್ತ ಸರಿಯಾಗಿ ಬರುವುದಿಲ್ಲ. ಹೀಗಾಗಿ ನಯವಾದ, ಸಮವಾದ, ಗಾಯವಿಲ್ಲದ ವಸ್ತುವನ್ನು ಆರಿಸುವ ಅಭ್ಯಾಸ ಬೆಳೆಯಿತು. ವಸ್ತುವನ್ನು ನೋಡಲು ಕಲಿಸಿದ ಪಾಠವೇ ಅದರ ಇತಿಹಾಸವನ್ನು ನೋಡದಿರಲೂ ಕಲಿಸಿತು. ವಿದ್ಯಾರ್ಥಿಯು ಮೇಲಿನ ತರಗತಿಗೆ ಹೋದಂತೆ ಸ್ಥಿರಚಿತ್ರವನ್ನು ಹಿಂದೆ ಬಿಟ್ಟು ಭಾವಚಿತ್ರ, ಭೂದೃಶ್ಯ, ಸಂಯೋಜನೆಗಳತ್ತ ಸಾಗಿದನು.

ಕೆಳಗಿನ ಮೆಟ್ಟಿಲಿನ ಪ್ರಕಾರ

ಈ ತಾರತಮ್ಯವು ಮೂಲತಃ ಯುರೋಪಿನದು. ೧೬೬೭ರಲ್ಲಿ ಫ್ರೆಂಚ್ ಅಕಾಡೆಮಿಯ ಪರವಾಗಿ ಬರೆದ ಆಂದ್ರೆ ಫೆಲಿಬಿಯಾನ್ ಚಿತ್ರಪ್ರಕಾರಗಳನ್ನು ಶ್ರೇಣೀಕರಿಸಿ, ಇತಿಹಾಸ–ಪುರಾಣಗಳ ಚಿತ್ರವನ್ನು ಮೇಲೂ, ನಿರ್ಜೀವ ವಸ್ತುಗಳ ಚಿತ್ರವನ್ನು ಕೆಳಗೂ ಇರಿಸಿದನು. ಈ ಪ್ರಕಾರಕ್ಕೆ ಡಚ್ಚರು ಇಟ್ಟ ಹೆಸರು 'ನಿಶ್ಚಲ ಜೀವ' ಎಂಬ ಅರ್ಥದ್ದಾದರೆ, ಫ್ರೆಂಚರು ಇಟ್ಟ ಹೆಸರು 'ಮೃತ ಪ್ರಕೃತಿ' ಎಂಬ ಅರ್ಥದ್ದು. ಒಂದೇ ಚಿತ್ರವನ್ನು ಕುರಿತ ಎರಡು ದೃಷ್ಟಿಗಳು ಈ ಎರಡು ಹೆಸರುಗಳಲ್ಲಿಯೇ ಇವೆ.

ಆ ಶ್ರೇಣಿಯನ್ನು ಒಳಗಿನಿಂದಲೇ ಅಲುಗಿಸಿದವನು ಜಾನ್ ಸಿಮೆಯೋನ್ ಶಾರ್ದಾಂ (೧೬೯೯–೧೭೭೯). ೧೭೨೮ರಲ್ಲಿ ಅಕಾಡೆಮಿಯ ಸದಸ್ಯನಾದ ಈತನು ಅಡುಗೆಮನೆಯ ವಸ್ತುಗಳನ್ನು ಜೀವನಪರ್ಯಂತ ಚಿತ್ರಿಸಿದನು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಸುಮಾರು ೧೭೩೪ರ ಆತನ ಒಂದು ಚಿತ್ರದ ನಾಯಕಸ್ಥಾನದಲ್ಲಿರುವುದು ಮನೆಬಳಕೆಯ ನೀರನ್ನು ತುಂಬಿಡುವ ತಾಮ್ರದ ತೊಟ್ಟಿ. ಮೂರು ಕಾಲಿನ ಮರದ ಪೀಠದ ಮೇಲೆ ನಿಂತ ಆ ತೊಟ್ಟಿಯನ್ನು ಕಂಡ ಕನ್ನಡಿಗನಿಗೆ ಬಚ್ಚಲ ಹಂಡೆ ನೆನಪಾಗದಿರದು. ಇಪ್ಪತ್ತನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾದ ಜಾರ್ಜೊ ಮೊರಾಂಡಿ (೧೮೯೦–೧೯೬೪) ಅವೇ ಕೆಲವು ಶೀಸೆ, ಡಬ್ಬಿ, ಹೂಜಿಗಳನ್ನು ದಶಕಗಳ ಕಾಲ ಮತ್ತೆಮತ್ತೆ ಬರೆದನು. ವಸ್ತು ದೊಡ್ಡದಾಗಿರಬೇಕಿಲ್ಲ, ಅದರೊಡನೆ ಕಳೆಯುವ ಕಾಲ ದೀರ್ಘವಾಗಿರಬೇಕು ಎಂಬ ತತ್ತ್ವ ಇವರಿಬ್ಬರ ಕೃತಿಗಳಲ್ಲಿದೆ.

ಭಾರತದಲ್ಲಿ ಸ್ಥಿರಚಿತ್ರವನ್ನು ಮುಖ್ಯ ಕಾಯಕವಾಗಿ ಸ್ವೀಕರಿಸಿದವರಲ್ಲಿ ಕೆ.ಎಚ್. ಆರಾ (೧೯೧೪–೧೯೮೫) ಅಗ್ರಗಣ್ಯರು. ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮುಂಬಯಿ ಸೇರಿ ಮನೆಗೆಲಸ ಮಾಡಿಕೊಂಡಿದ್ದ ಅವರು ೧೯೪೭ರಲ್ಲಿ ಸ್ಥಾಪಿತವಾದ ಪ್ರಗತಿಶೀಲ ಕಲಾವಿದರ ಬಳಗದ ಸದಸ್ಯರಾಗಿದ್ದರು. ಅನ್ಯರ ಮನೆಯ ಪಾತ್ರೆಪಡಗಗಳನ್ನು ತೊಳೆದು ಒರೆಸುವ ಕೈಗಳ ಬದುಕನ್ನು ಸ್ವತಃ ಬಲ್ಲವರೊಬ್ಬರು ಹೂದಾನಿ, ಹಣ್ಣು, ಪಾತ್ರೆಗಳನ್ನು ದೊಡ್ಡ ಚಿತ್ರಫಲಕದ ಘನತೆಗೆ ಏರಿಸಿದುದು ಕೇವಲ ಆಕಸ್ಮಿಕವೆನ್ನಲಾಗದು.

ಕರಾವಳಿ ಕರ್ನಾಟಕದಿಂದ ಮುಂಬಯಿಗೆ ಹೋಗಿ ಹೆಸರಾದ ಕೆ.ಕೆ. ಹೆಬ್ಬಾರ್ (೧೯೧೧–೧೯೯೬) ಅವರದು ಬೇರೆ ದಾರಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಮುಂದೆ ಪ್ಯಾರಿಸಿನಲ್ಲಿಯೂ ಅಭ್ಯಾಸ ಮಾಡಿದರು. ದುಡಿಯುವ ಜನ, ಹಳ್ಳಿಯ ಉತ್ಸವ, ಕುಣಿತಗಳು ಅವರ ಪ್ರೀತಿಯ ವಿಷಯಗಳು. ಅವರ ಕೃತಿಗಳಲ್ಲಿ ವಸ್ತುವಿಗಿಂತ ಚಲನೆಗೆ ಆದ್ಯತೆ. ಅವರ ರೇಖೆಯ ಲಯವೇ ಪ್ರಸಿದ್ಧವಾಯಿತು. ಕನ್ನಡ ನಾಡಿನ ಆಧುನಿಕ ಚಿತ್ರಕಲೆ ಭೂದೃಶ್ಯ ಮತ್ತು ಮಾನವಾಕೃತಿಗಳಲ್ಲಿ ಪಡೆದ ಸಿದ್ಧಿಯನ್ನು ಸ್ಥಿರಚಿತ್ರದಲ್ಲಿ ಅಷ್ಟಾಗಿ ಅರಸಲಿಲ್ಲವೆಂಬುದು ಒಟ್ಟು ನೋಟದಲ್ಲಿ ಕಂಡುಬರುತ್ತದೆ.

ಚಿತ್ರಕಾರನ ಕಣ್ಣು, ಸಂಗ್ರಾಹಕನ ಕೈ

ಈ ಕೊರತೆಯನ್ನು ಇನ್ನೊಂದು ಬಗೆಯಲ್ಲಿ ತುಂಬಿದವರು ಪಿ.ಆರ್. ತಿಪ್ಪೇಸ್ವಾಮಿ (೧೯೨೨–೨೦೦೦). ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯವರಾದ ಅವರು ಮಲೆನಾಡಿನ ಜಲವರ್ಣ ಭೂದೃಶ್ಯಗಳಿಗೆ ಹೆಸರಾದ ಕಲಾವಿದರು. ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಸ್ಥಾಪಿಸಿದ, ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸುವುದರಲ್ಲಿ ಜೀ.ಶಂ. ಪರಮಶಿವಯ್ಯನವರೊಂದಿಗೆ ಅವರ ಪಾತ್ರ ಹಿರಿದು. ಊರೂರು ತಿರುಗಿ ಬುಟ್ಟಿ, ಮೊರ, ಮಡಕೆ, ದೀಪ, ಅಳತೆಯ ಸಾಧನ, ಬೇಸಾಯದ ಉಪಕರಣ, ವೇಷಭೂಷಣಗಳನ್ನು ಕಲೆಹಾಕುವ ಕಾರ್ಯವನ್ನು ಒಬ್ಬ ಚಿತ್ರಕಾರರು ಕೈಗೊಂಡುದು ಕರ್ನಾಟಕದ ಕಲಾಚರಿತ್ರೆಯಲ್ಲಿ ವಿಶೇಷ ಘಟನೆ. ಸ್ಥಿರಚಿತ್ರಕಾರನು ಮೇಜಿನ ಮೇಲೆ ಮಾಡುವ ಆಯ್ಕೆಯನ್ನೇ ಇಲ್ಲಿ ಒಂದು ನಾಡಿನ ವಿಸ್ತಾರದಲ್ಲಿ ಮಾಡಲಾಯಿತು. ಯಾವುದು ಉಳಿಯಬೇಕು, ಯಾವುದರ ಪಕ್ಕದಲ್ಲಿ ಯಾವುದು ನಿಲ್ಲಬೇಕು, ಬೆಳಕು ಯಾವುದರ ಮೇಲೆ ಬೀಳಬೇಕು ಎಂಬ ಪ್ರಶ್ನೆಗಳು ಎರಡಕ್ಕೂ ಸಮಾನ.

ಆದರೂ ಸಂಗ್ರಹಾಲಯ ಮತ್ತು ಚಿತ್ರಗಳ ನಡುವೆ ಒಂದು ವ್ಯತ್ಯಾಸವಿದೆ. ಸಂಗ್ರಹಾಲಯದಲ್ಲಿ ಒಂದು ಕೊಳಗವು ಎಲ್ಲ ಕೊಳಗಗಳ ಪ್ರತಿನಿಧಿ. ಚಿತ್ರದಲ್ಲಿ ಅದು ಒಂದೇ ಒಂದು ಕೊಳಗ. ಅದರ ಈ ಬದಿಯ ತಗ್ಗು, ಆ ಬದಿಯ ಬೆಸುಗೆ, ಒಂದು ಬೆಳಗಿನ ಬೆಳಕು ಅದಕ್ಕೆ ಮಾತ್ರ ಸೇರಿದವು. ವಸ್ತುವಿನ ಹೆಸರನ್ನು ಸಂಗ್ರಹಾಲಯ ಉಳಿಸುತ್ತದೆ, ಅದರ ಮುಖವನ್ನು ಚಿತ್ರ ಉಳಿಸುತ್ತದೆ.

ಸವೆತದ ಬಗೆಗಳು

ಕುಮಟಾ ಸೀಮೆಯ ಮನೆಗಳ ವಸ್ತುಗಳನ್ನು ಈ ದೃಷ್ಟಿಯಿಂದ ಗಮನಿಸಿದರೆ ಸವೆತವೆಂಬುದು ಒಂದೇ ಬಗೆಯದಲ್ಲವೆಂಬುದು ತಿಳಿಯುತ್ತದೆ. ಮೊದಲನೆಯದು ಹವೆಯ ಸವೆತ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಉಪ್ಪುಗಾಳಿ ಬೀಸುವ ಈ ನೆಲದಲ್ಲಿ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ, ತಾಮ್ರ–ಹಿತ್ತಾಳೆಗಳಿಗೆ ಹಸಿರು ಕಿಲುಬು ಕಟ್ಟುತ್ತದೆ, ಜಂಬಿಟ್ಟಿಗೆ ಪಾಚಿ ಹಿಡಿಯುತ್ತದೆ. ಎರಡನೆಯದು ಹೊಗೆಯ ಸವೆತ. ಸೌದೆಯ ಒಲೆಯ ಮೇಲಿನ ಅಟ್ಟದಲ್ಲಿ ಇಲ್ಲಣ ಹಿಡಿದ ಬಿದಿರಿನ ಗೆರಸಿ, ಬುಟ್ಟಿಗಳು ಕಂದುಗಪ್ಪು ಮೆರುಗನ್ನು ಪಡೆಯುತ್ತವೆ. ಹೊಗೆ ಅವುಗಳನ್ನು ಹುಳುವಿನಿಂದ ಕಾಪಾಡುತ್ತದೆ ಕೂಡ. ಮೂರನೆಯದು ಕೈಯ ಸವೆತ. ಮೆಟ್ಟುಗತ್ತಿಯ ಮಣೆಯಲ್ಲಿ ಪಾದ ಊರುವ ಜಾಗ, ಕಡೆಗೋಲಿನ ಹಗ್ಗ ಸುತ್ತುವ ಭಾಗ, ಬೀಸುಕಲ್ಲಿನ ಗೂಟ, ಒರಳಿನ ಗುಳಿ ಇವೆಲ್ಲ ಬಳಸಿದವರ ಅಂಗಾಂಗಗಳ ಅಚ್ಚುಗಳು.

ನಾಲ್ಕನೆಯದು ವಿಶೇಷವಾಗಿ ಗಮನಿಸಬೇಕಾದುದು, ತೊಳೆಯುವಿಕೆಯ ಸವೆತ. ಹುಣಸೆಹಣ್ಣು, ಬೂದಿ, ಮಣ್ಣುಗಳಿಂದ ನಿತ್ಯವೂ ತಿಕ್ಕಿದ ಕಂಚಿನ ಚೊಂಬು ಕಪ್ಪಾಗುವುದಿಲ್ಲ; ತೆಳುವಾಗುತ್ತದೆ. ಅದರ ಕಂಠದ ಗೀರುಗಳು ಮಾಸಿ, ಕೆತ್ತಿದ ಹೆಸರಿನ ಅಕ್ಷರಗಳು ಅಳಿಸಿ, ಅಂಚು ಅಲಗಿನಷ್ಟು ತೀಕ್ಷ್ಣವಾಗುತ್ತದೆ. ಕಲಾಯಿ ಹಾಕಿದ ಪಾತ್ರೆಯ ಒಳಗೆ ತವರದ ಬಿಳುಪು ಸವೆದು ತಾಮ್ರದ ಕೆಂಪು ಅಲ್ಲಲ್ಲಿ ಇಣುಕುತ್ತದೆ. ಹಳೆಯ ವಸ್ತುವಿನ ಚೆಲುವನ್ನು ಹೇಳುವಾಗ ಧೂಳು, ತುಕ್ಕು, ಬಿರುಕುಗಳನ್ನೇ ಉದಾಹರಿಸುವುದು ವಾಡಿಕೆ. ಅದು ಉಪೇಕ್ಷೆಯಿಂದ ಹುಟ್ಟಿದ ಸವೆತ. ಕನ್ನಡದ ಮನೆಗಳ ಪಾತ್ರೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಆರೈಕೆಯಿಂದ ಹುಟ್ಟಿದ ಸವೆತ. ಈ ಭೇದವನ್ನು ಬಣ್ಣದಲ್ಲಿ ತರುವುದು ಚಿತ್ರಕಾರನಿಗೆ ಕಠಿಣವಾದ ಸವಾಲು. ಕಿಲುಬನ್ನು ಬರೆಯಲು ಹಸಿರು ಸಾಕಾದೀತು. ತೆಳುವಾಗಿರುವುದನ್ನು ಬರೆಯಲು ಅಂಚಿನ ಮೇಲೆ ಬೆಳಕು ನಿಲ್ಲುವ ರೀತಿಯನ್ನೇ ಅರಿಯಬೇಕಾಗುತ್ತದೆ. ಜಲವರ್ಣದಲ್ಲಿ ಕಾಗದದ ಬಿಳುಪನ್ನು ಕೂದಲೆಳೆಯಷ್ಟು ಉಳಿಸಿಕೊಳ್ಳುವ ಸಂಯಮ ಅದಕ್ಕೆ ಬೇಕು.

ಯಾರ ಸವೆತ, ಯಾರಿಗೆ ಚೆಲುವು

ಇಲ್ಲಿ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ಒರಳಿನ ಗುಳಿ ಆಳವಾದುದು ತಲೆಮಾರುಗಳ ಹೆಂಗಸರು ನಸುಕಿನಲ್ಲೆದ್ದು ರುಬ್ಬಿದುದರಿಂದ. ಕತ್ತಿಯ ಅಲಗು ಸವೆದುದು ತನ್ನದಲ್ಲದ ತೋಟದಲ್ಲಿ ದುಡಿದವನ ಕೈಯಿಂದಲೂ ಇರಬಹುದು. ಅಂತಹ ವಸ್ತುವನ್ನು ಅದರ ದುಡಿಮೆಯಿಂದ ಬಿಡಿಸಿ, ಹಜಾರದ ಮೂಲೆಯಲ್ಲಿರಿಸಿ, ಸುಂದರವೆಂದು ಮೆಚ್ಚುವುದು ದುಡಿದವರ ಬಗೆಗಿನ ಮರೆವೂ ಆಗಬಹುದು. ವಿನ್ಸೆಂಟ್ ವ್ಯಾನ್ ಗಾಗ್ ೧೮೮೬ರಲ್ಲಿ ಬರೆದ ಸವೆದ ಬೂಟುಗಳ ಚಿತ್ರವನ್ನು ಕುರಿತು ಜರ್ಮನ್ ತತ್ತ್ವಜ್ಞ ಹೈಡೆಗ್ಗರ್ ಅದು ರೈತಮಹಿಳೆಯೊಬ್ಬಳ ಪಾದರಕ್ಷೆಯೆಂದು ಭಾವಿಸಿ ಅವಳ ಬದುಕನ್ನೇ ಅದರಲ್ಲಿ ಕಂಡನು. ೧೯೬೮ರಲ್ಲಿ ಕಲಾಚರಿತ್ರಕಾರ ಮೇಯರ್ ಶಪಿರೊ ಅದನ್ನು ಅಲ್ಲಗಳೆದು, ಅವು ನಗರವಾಸಿಯಾದ ಕಲಾವಿದನವೇ ಎಂದು ವಾದಿಸಿದನು. ವಾದದ ನಿರ್ಣಯವೇನೇ ಇರಲಿ, ಸವೆತವನ್ನು ಕಂಡೊಡನೆ 'ಇದು ಯಾರದು?' ಎಂದು ಕೇಳಬೇಕಾಗುತ್ತದೆ ಎಂಬುದನ್ನು ಅದು ಸ್ಥಾಪಿಸಿತು.

ಸ್ಥಿರಚಿತ್ರದಲ್ಲಿ ಮನುಷ್ಯರಿರುವುದಿಲ್ಲ. ಆದರೆ ಸವೆದ ವಸ್ತುವಿನ ಸ್ಥಿರಚಿತ್ರದಲ್ಲಿ ಮನುಷ್ಯರ ಗೈರುಹಾಜರಿಯೇ ವಿಷಯವಾಗುತ್ತದೆ. ಹಿಡಿಯ ಮೇಲಿನ ಬೆರಳಗುರುತನ್ನು ನಿಷ್ಠೆಯಿಂದ ಬರೆದ ಚಿತ್ರವು ದುಡಿದವರನ್ನು ಮರೆಯುವುದಿಲ್ಲ. ಬರೆಹ ಬಾರದ, ಭಾವಚಿತ್ರ ಬರೆಯಿಸಿಕೊಳ್ಳದ, ವಂಶವೃಕ್ಷಗಳಲ್ಲಿ ಹೆಸರು ಕಾಣದ ಅಸಂಖ್ಯ ಹೆಣ್ಣುಮಕ್ಕಳು ಬಿಟ್ಟುಹೋದ ಏಕೈಕ ಹಸ್ತಾಕ್ಷರ ಹಲವೆಡೆ ಇಂತಹ ವಸ್ತುಗಳಲ್ಲಿಯೇ ಇದೆ. ಈ ಕಾರಣದಿಂದ ಸ್ಥಿರಚಿತ್ರವನ್ನು ಅಭ್ಯಾಸದ ಮಟ್ಟದ ಪ್ರಕಾರವೆಂದು ಬದಿಗಿಡುವುದು ಕಲಾಮೀಮಾಂಸೆಯ ದೋಷವಷ್ಟೇ ಅಲ್ಲ, ಚರಿತ್ರೆಯ ನಷ್ಟವೂ ಹೌದು.

ಉಳಿದಿರುವ ಕಾಲ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕುಗಳು ಹಳ್ಳಿಗಳನ್ನೂ ತಲುಪಿದವು. ವಿದ್ಯುತ್ತಿನ ರುಬ್ಬುವ ಯಂತ್ರ ಒರಳನ್ನು ಅಂಗಳಕ್ಕೆ ಕಳುಹಿಸಿತು. ಹಂಡೆಯ ಜಾಗಕ್ಕೆ ಗೀಸರು ಬಂದಿತು. ಈ ಬದಲಾವಣೆಯನ್ನು ದೂಷಿಸುವುದು ಸಲ್ಲದು; ಇದರಿಂದ ಹೆಂಗಸರ ದುಡಿಮೆಯ ಭಾರ ಹಗುರಾಗಿದೆ. ಆದರೆ ಹಳೆಯ ಪಾತ್ರೆಗಳು ಗುಜರಿಯ ತಕ್ಕಡಿಯನ್ನೇರಿದಾಗ ಲೋಹಕ್ಕೆ ಮಾತ್ರ ಬೆಲೆ ಬರುತ್ತದೆ. ತಿಕ್ಕಿ ತಿಕ್ಕಿ ತೆಳುವಾದ ಚೊಂಬಿಗೆ ಹೊಸದಕ್ಕಿಂತ ಕಡಿಮೆ ತೂಕ, ಆದ್ದರಿಂದ ಕಡಿಮೆ ಹಣ. ಆರೈಕೆಗಾಗಿ ವ್ಯಯವಾದ ಲೋಹವನ್ನು ತಕ್ಕಡಿಯು ನಷ್ಟವೆಂದು ಎಣಿಸುತ್ತದೆ. ಆ ನಷ್ಟವನ್ನೇ ಮೌಲ್ಯವೆಂದು ಕಾಣಬಲ್ಲುದು ಚಿತ್ರಕಾರನ ಕಣ್ಣು.

ಈ ಹಿನ್ನೆಲೆಯಲ್ಲಿ ಕೆಲವು ಕಾರ್ಯಗಳು ಆಗಬೇಕಾಗಿವೆ. ಕಲಾಶಾಲೆಗಳ ಸ್ಥಿರಚಿತ್ರದ ಪಾಠದಲ್ಲಿ ಸ್ಥಳೀಯ ಬಳಕೆಯ, ಬಳಸಿ ಹಳೆಯದಾದ ವಸ್ತುಗಳಿಗೆ ಸ್ಥಾನ ದೊರೆಯಬೇಕು; ಚಿತ್ರದ ಹಿಂಬದಿಯಲ್ಲಿ ವಸ್ತುವಿನ ಪ್ರಾದೇಶಿಕ ಹೆಸರು, ಊರು, ಅದನ್ನು ಬಳಸಿದ ಕೆಲಸ ಇವನ್ನು ದಾಖಲಿಸುವ ಪರಿಪಾಠ ಬೆಳೆಯಬೇಕು. ಕರಾವಳಿಯ ತೇವದಲ್ಲಿ ಕಾಗದದ ಮೇಲಿನ ಜಲವರ್ಣಗಳು ಬೂಷ್ಟು ಹಿಡಿದು ಹಾಳಾಗುವುದು ಬೇಗ. ಚಿತ್ರಕಲಾ ಶಿಕ್ಷಕರ ಮನೆಗಳಲ್ಲಿಯೂ ಶಾಲೆಯ ಕಪಾಟುಗಳಲ್ಲಿಯೂ ಉಳಿದಿರಬಹುದಾದ ಹಳೆಯ ವಸ್ತುಚಿತ್ರಗಳ ಶೋಧ ಮತ್ತು ಸಂರಕ್ಷಣೆಗೆ ಜಿಲ್ಲಾವಾರು ಯೋಜನೆ ಬೇಕು. ಪರೀಕ್ಷೆಗಾಗಿ ಬರೆದ ಸಾಧಾರಣ ಚಿತ್ರವೂ ಇಂದು ಕಣ್ಮರೆಯಾದ ಒಂದು ಪಾತ್ರೆಯ ಆಕಾರವನ್ನು ಹೇಳಬಲ್ಲುದು.

ಯಾಣದ ಶಿಖರಗಳನ್ನು ಯಾರೂ ಒಯ್ಯಲಾರರು. ಅವು ಮಳೆಗೆ ಮೈಯೊಡ್ಡಿ ಇನ್ನೂ ಬಹುಕಾಲ ಸವೆಯುತ್ತ ನಿಲ್ಲುತ್ತವೆ. ಅದರ ದಾರಿಯ ಮನೆಗಳ ಒರಳು, ಹಂಡೆ, ಗೆರಸಿ, ಚೊಂಬುಗಳಿಗೆ ಅಷ್ಟು ಆಯುಷ್ಯವಿಲ್ಲ. ಅವುಗಳನ್ನು ಬಳಸಿದ ಕೊನೆಯ ತಲೆಮಾರಿನವರು, ಅವುಗಳ ಹೆಸರು ಮತ್ತು ಉಪಯೋಗಗಳನ್ನು ಹೇಳಬಲ್ಲವರು, ಇನ್ನೂ ನಮ್ಮ ನಡುವೆ ಇದ್ದಾರೆ. ಚಿತ್ರಕಾರರೂ ಸಂಶೋಧಕರೂ ಕೂಡಿ ಈ ಕೆಲಸಕ್ಕೆ ತೊಡಗಲು ಇರುವ ಕಾಲ ಅವರ ಆಯುಷ್ಯದಷ್ಟೇ.